ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನು ನೋಡುವ ಕ್ರಮ

ಮಂಗಳೂರಿನ ಹಳೆಯ ಇಗರ್ಜಿಯೊಂದರ ಚರಿತ್ರೆಯನ್ನು ಕಟ್ಟಡದಿಂದಲೇ ತಿಳಿಯಬೇಕೆಂದು ಹೊರಟವರು ಧರ್ಮಕೇಂದ್ರದ ವಯಸ್ಸನ್ನೂ ಗೋಡೆಗಳ ವಯಸ್ಸನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಕೊಂಕಣಿಗರು ಫಿರ್ಗಜ್ ಎಂದು ಕರೆಯುವ ಧರ್ಮಕೇಂದ್ರವು ಜನರ ಕೂಟವಾದ್ದರಿಂದ ಕಟ್ಟಡ ಬಿದ್ದರೂ ಉಳಿಯುತ್ತದೆ. ಹಂಪನಕಟ್ಟೆಯ ಮಿಲಾಗ್ರಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆರಂಭ 1680ರಲ್ಲಿ. ಆದರೆ ಇಂದು ಫಳ್ನೀರ್ ರಸ್ತೆಯಿಂದ ಕಾಣುವ ಮುಂಭಾಗ 20ನೆಯ ಶತಮಾನದ್ದು.

ನೋಡುವುದನ್ನು ಬಾಗಿಲಿನಿಂದಲ್ಲ, ದಫನಭೂಮಿಯಿಂದ ಆರಂಭಿಸುವುದು ಉತ್ತಮ. ಮೊದಲ ಇಗರ್ಜಿ ನಿಂತಿದ್ದದ್ದು ಅಲ್ಲಿಯೇ. ಗೋವೆಯ ಮೂಲದ, ಥಿಯೇಟಿನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಗೆ ಸೇರಿದ ಬಿಷಪ್ ಥೋಮಸ್ ದೆ ಕಾಸ್ತ್ರೊ ಅವರು ಕೆಳದಿಯ ರಾಣಿ ಚೆನ್ನಮ್ಮ ನೀಡಿದ ಜಾಗದಲ್ಲಿ ಅದನ್ನು ಕಟ್ಟಿಸಿದರು. ಅವರು ಪೋರ್ತುಗೀಸ್ ದೊರೆಯ ಅಧಿಕಾರದಡಿ ಬಂದವರಲ್ಲ, ರೋಮಿನಿಂದ ನೇಮಕಗೊಂಡವರು. ಪೋರ್ತುಗೀಸರ ಕಾಲದ, 1568ರಷ್ಟು ಹಿಂದಿನ ರೊಸಾರಿಯೊ ಇಗರ್ಜಿ ಹತ್ತಿರದಲ್ಲೇ ಇದ್ದಾಗಲೂ ಇನ್ನೊಂದು ಏಕೆ ಹುಟ್ಟಿತೆಂಬ ಪ್ರಶ್ನೆಗೆ ಈ ಸಂಗತಿ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಸಮಾಧಿಗಲ್ಲುಗಳಲ್ಲಿ ಲಿಪಿ ಬದಲಾಗುವುದನ್ನೂ ಗಮನಿಸಿ. ಕನ್ನಡ ಅಕ್ಷರದಲ್ಲಿ ಬರೆದ ಕೊಂಕಣಿ ಈ ಊರಿನದೇ ಗುರುತು.

ಎರಡೂ ಇಗರ್ಜಿಗಳು 1784ರಲ್ಲಿ ನೆಲಸಮವಾದವು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಆಗಲೇ. 1799ರಲ್ಲಿ ಅವನ ಪತನವಾದ ಮೇಲೆ ಬದುಕುಳಿದವರು ಮರಳಿ ಬಂದರು. ಆದ್ದರಿಂದ ಫಲಕದ ಮೇಲಿನ ಹಳೆಯ ಇಸವಿಯನ್ನು ಕಂಡು ಎದುರಿನ ಕಂಬವೂ ಅಷ್ಟೇ ಹಳೆಯದೆಂದು ತೀರ್ಮಾನಿಸಬೇಡಿ.

ಇನ್ನು ಗೋಡೆಗೆ ಬನ್ನಿ. ಎದುರಿನಿಂದ ಭವ್ಯವಾಗಿ ಕಾಣುವ ಹಳೆಯ ಇಗರ್ಜಿಗಳನ್ನು ಪಾರ್ಶ್ವದಿಂದ ನೋಡಿದರೆ, ಹಲವೆಡೆ ಎತ್ತರದ ಮುಂಗೋಡೆಯ ಹಿಂದೆ ಇಳಿಜಾರು ಮಾಡಿನ ಉದ್ದನೆಯ ಸರಳ ಹಜಾರವಷ್ಟೇ ಇರುತ್ತದೆ. ಮಾಡಿನ ಆಸರೆ ಮೀರಿ ನಿಂತ ಆ ಭಾಗವೇ ಮಳೆಗೆ ಹೆಚ್ಚು ಮೈಯೊಡ್ಡುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಅದು ಸಣ್ಣ ಮಾತಲ್ಲ. ಮಿಲಾಗ್ರಿಸ್‌ನಲ್ಲಿ ಈಗಿನದಕ್ಕೆ ಮೊದಲಿದ್ದ ಮುಂಭಾಗ ಕುಸಿದದ್ದು 1911ರಲ್ಲಿ. ಇಲ್ಲಿನ ಹಳೆಯ ಗೋಡೆಗಳು ಮುರಕಲ್ಲಿನವು. ಕಣಿಯಿಂದ ತೆಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ಮೈತುಂಬ ರಂಧ್ರಗಳಿರುವುದರಿಂದ ಅದು ನೀರನ್ನು ಹೀರುತ್ತದೆ, ಬಿಡುತ್ತದೆ. ಸುಣ್ಣದ ಗಾರೆ ಈ ಉಸಿರಾಟಕ್ಕೆ ಅಡ್ಡಿಯಾಗದು, ಸಿಮೆಂಟ್ ಅಡ್ಡಿಯಾಗುತ್ತದೆ. ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆಯೆದ್ದಿದ್ದರೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ: ಪೊಳ್ಳು ಸದ್ದು ಬಂದರೆ ಗಾರೆ ಕಲ್ಲಿನಿಂದ ಬಿಟ್ಟಿದೆಯೆಂದು ಅರ್ಥ. ಕೆರೆದು ಮಾತ್ರ ನೋಡಬೇಡಿ.

ಮಾಡಿನ ಕಾಲವನ್ನು ಹೇಳಲು ಹಂಚು ನೆರವಾಗುತ್ತದೆ, ಆದರೆ ಅದು ಮೋಸವನ್ನೂ ಮಾಡುತ್ತದೆ. ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆದ್ದರಿಂದ ಮಂಗಳೂರು ಹಂಚಿನ ಯಾವ ಮಾಡೂ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ನಾನು ಮೊದಲ ಸಲ ಇಂಥ ಕೆಲಸಕ್ಕೆ ಹೋದಾಗ, ದುರಸ್ತಿಗೆಂದು ಇಳಿಸಿದ್ದ ಹಂಚೊಂದರ ಅಡಿಯಲ್ಲಿ 1865 ಎಂದು ಅಚ್ಚೊತ್ತಿದ್ದನ್ನು ಕಂಡು, ಮಾಡೂ ಅದೇ ವರ್ಷದ್ದೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಪಕ್ಕಾಸು ಬದಲಿಸುತ್ತಿದ್ದ ಮೇಸ್ತ್ರಿ ನಕ್ಕು, ಅದೇ ಇಸವಿಯ ಇನ್ನೂ ಹತ್ತು ಹಂಚುಗಳನ್ನು ಸಾಲಾಗಿ ಇಟ್ಟು ತೋರಿಸಿದರು: ಕೆಲವು ಕಪ್ಪುಗಟ್ಟಿದ್ದವು, ಕೆಲವು ಇನ್ನೂ ಕೆಂಪಗಿದ್ದವು. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ.

ಒಳಾಂಗಣವನ್ನು ಎರಡು ಪೂಜೆಗಳ ನಡುವಿನ ಬಿಡುವಿನಲ್ಲಿ, ಪಾದ್ರಿಗಳ ಕಚೇರಿಯಲ್ಲಿ ಕೇಳಿಕೊಂಡು ನೋಡಿ. ಬಲಿಪೀಠದಿಂದ ಹಿಂದಕ್ಕೆ ತಿರುಗಿ ನಿಂತರೆ ಬಾಗಿಲಿನ ಮೇಲ್ಭಾಗ, ಕಮಾನುಗಳ ಸಾಲು, ಬೆಳಕು ಬರುವ ದಿಕ್ಕು ಒಟ್ಟಿಗೆ ಸಿಗುತ್ತವೆ. ಚಿತ್ರಗಳ ಆಸೆಯಿಂದ ಬಂದವರಿಗೆ ಇಲ್ಲಿ ನಿರಾಸೆಯಾಗಬಹುದು. ಇಟಲಿಯ ಚಿತ್ರಕಾರ ಆಂತೋನಿಯೊ ಮೊಸ್ಕೇನಿ ಅವರ ಭಿತ್ತಿಚಿತ್ರಗಳಿರುವುದು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ, ಅದು ಧರ್ಮಕೇಂದ್ರವಲ್ಲ. ಅಲ್ಲಿಗಿಂತ ಮೊದಲು ರೊಸಾರಿಯೊಗೆ ಹೋಗಿ ಅದರ ಗುಮ್ಮಟದ ಕೆಳಗೆ ನಿಂತು ಬನ್ನಿ. 1568ರ ಧರ್ಮಕೇಂದ್ರಕ್ಕೆ 20ನೆಯ ಶತಮಾನದ ಗುಮ್ಮಟ ಒದಗಿರುವುದು ಅಲ್ಲಿ ತಲೆಯೆತ್ತಿದ ಕೂಡಲೇ ಕಾಣುತ್ತದೆ.