ತಿಂಗಳಿಗೊಂದು ಕವಿತಾ ಓದು ನಡಸೂದು ಹೆಂಗ: ಗಾಲ್ವೇಯವರ ಪದ್ಧತಿ ನಮ್ಮ ಧಾರವಾಡಕ್ಕ

ನಮ್ಮ ಕಡೆ ಕವಿಗಳಿಗೇನು ಬರ ಇಲ್ರಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಎಲ್ಲೇ ಹೋದ್ರೂ ಕವಿಗೋಷ್ಠಿ ಇದ್ದೇ ಇರ್ತಾವ. ಆದ್ರ ಒಂದ ಸಂಜಿಗೆ ಇಪ್ಪತ್ತೈದು-ಮೂವತ್ತು ಕವಿಗಳ ಹೆಸರು ಪತ್ರಿಕೆಯೊಳಗ, ದೀಪ ಬೆಳಗೂದು, ಸ್ವಾಗತ, ಪ್ರಾಸ್ತಾವಿಕ, ಶಾಲು-ಹಾರ ಎಲ್ಲಾ ಮುಗಿದು ಕವಿ ಮೈಕಿಗೆ ಬರೂದ್ರಾಗ ಅರ್ಧ ಮಂದಿ ಎದ್ದಿರ್ತಾರ, ಉಳಿದ ಮೂರು ನಿಮಿಷದಾಗ ಆತ ಒಂದು ಪದ್ಯ ಓದಿ ಇಳೀಬೇಕು. ಒಬ್ಬ ಕವಿನ್ನ ಇಪ್ಪತ್ತು ನಿಮಿಷ ಸಮಾಧಾನಲೇ ಕುಂತು ಕೇಳೂ ಜಾಗ ನಮಗ ಬೇಕಾಗೇದ.

ಐರ್ಲೆಂಡಿನ ಗಾಲ್ವೇ ಊರಾಗ ಕೆವಿನ್ ಹಿಗ್ಗಿನ್ಸ್ ಅಂತ ಕವಿ ಇದ್ರು, 2023ರ ಜನವರಿಯಾಗ ತೀರಿಕೊಂಡ್ರು. ಅವರು ಮತ್ತ ಅವರ ಹೆಂಡತಿ, ಲೇಖಕಿ ಸೂಸನ್ ಮಿಲ್ಲರ್ ಡುಮಾರ್ಸ್, ಇಬ್ರೂ ಕೂಡಿ 2003ರಾಗ 'ಓವರ್ ದಿ ಎಡ್ಜ್' ಅಂತ ಓದಿನ ಸಂಜಿ ಸುರು ಮಾಡಿದ್ರು, ಊರ ಗ್ರಂಥಾಲಯದಾಗ. ಪದ್ಧತಿ ಭಾಳ ಸರಳ. ಮೂರು ಮಂದಿ ಮುಖ್ಯ ಓದುಗರು, ಅವರಾದ ಮ್ಯಾಲ ಓಪನ್ ಮೈಕ್, ಅಂದ್ರ ಯಾರ ಬೇಕಾದ್ರೂ ಬಂದು ಓದಬಹುದು. ಅಲ್ಲೆ ಮೊದಲ ಸಲ ಧೈರ್ಯ ಮಾಡಿ ಓದಿದ ಎಷ್ಟೋ ಮಂದಿ ಮುಂದ ಪುಸ್ತಕ ತಂದಾರ. ಕೆವಿನ್ ಅವರು ಗಾಲ್ವೇ ಆರ್ಟ್ಸ್ ಸೆಂಟರಿನಾಗ ಕಮ್ಮಟಾನೂ ನಡಸ್ತಿದ್ರು, ಕಲ್ಯೂದು ಒಂದು ಕಡೆ, ಓದೂದು ಇನ್ನೊಂದು ಕಡೆ, ಎರಡೂ ಒಂದಕ್ಕೊಂದು ಆಸರ. ಈ ಜೋಡಿ ಪದ್ಧತಿನ್ನ ನಾವು ತರಬೇಕು.

ಮೊದಲು ಜಾಗ. ದೊಡ್ಡ ಸಭಾಭವನದ ಹಿಂದ ಬೀಳಬ್ಯಾಡ್ರಿ, ಮುನ್ನೂರು ಕುರ್ಚಿಯೊಳಗ ಮೂವತ್ತು ಮಂದಿ ಕುಂತ್ರ ಓದವರಿಗೂ ಕೇಳವರಿಗೂ ಹುರುಪು ಹೋಗ್ತದ. ಅದ ಮೂವತ್ತು ಮಂದಿ ಸಣ್ಣ ಕೋಣಿಯೊಳಗ ಕುಂತ್ರ ತುಂಬಿದ ಸಭಾ. ಗ್ರಂಥಾಲಯ, ಕಾಲೇಜಿನ ಒಂದು ಕ್ಲಾಸ್‌ರೂಮ್, ಯಾರದರೆ ಮನಿ ಪಡಸಾಲಿ, ಏನಾದ್ರೂ ನಡೀತದ. ಇದು ನಮಗೇನು ಹೊಸಾದಲ್ಲ, ಬೇಂದ್ರೆಯವರ ಗೆಳೆಯರ ಗುಂಪು 1922ರ ಹೊತ್ತಿಗೆ ಸುರು ಆಗಿದ್ದು ಗೆಳ್ಯಾರು ಕೂಡಿ ಕುಂತೇ, ಪುಸ್ತಕ ಪ್ರಕಾಶನ ಮಾಡೂ ಮನೋಹರ ಗ್ರಂಥಮಾಲೆಯ ಅಟ್ಟದ ಮ್ಯಾಲ ಸಾಹಿತಿಗಳು ಕೂಡ್ತಿದ್ದುದೂ ಊರಿಗೆಲ್ಲಾ ಗೊತ್ತಿದ್ದದ್ದು. ಒಂದ ಮಾತು, ಮಳಿಗಾಲದಾಗ ತಗಡಿನ ಮಾಡು ಇರೂ ಜಾಗ ಬ್ಯಾಡ, ಮೈಕ್ ಇದ್ರೂ ಒಂದು ಸಾಲು ಕೇಳೂದಿಲ್ಲ.

ದಿನ ಒಂದ ಇರಲಿ, ತಿಂಗಳ ಕಡೀ ಶನಿವಾರ ಅಂದ್ರ ಕಡೀ ಶನಿವಾರ. ಸಂಜಿ ಐದೂವರಿಗೆ ಸುರು, ಏಳೂವರಿಗೆ ಮುಗೀಬೇಕು, ಹುಬ್ಬಳ್ಳಿಯಿಂದ ಬಂದವರು ಆರಾಮ ಚಿಗರಿ ಬಸ್ ಹಿಡಿದು ಹೋಗೂಹಂಗ. ಸತ್ಕಾರ ಮಾಡಲೇಬೇಕು ಅನಸಿದ್ರ ಓದು ಮುಗಿದ ಮ್ಯಾಲ ಮಾಡ್ರಿ. ನಿರೂಪಣೆ ಮಾಡವರು ಒಬ್ಬ ಕವಿಗೆ ಎರಡು ವಾಕ್ಯಕ್ಕಿಂತ ಹೆಚ್ಚು ಹೇಳಬಾರದು. ಆ ಎರಡು ವಾಕ್ಯಾನೂ ಪ್ರಶಸ್ತಿ ಪಟ್ಟಿ ಆಗಬಾರದು, ಕವಿ ಯಾವ ಊರವರು, ಯಾವುದರ ಮ್ಯಾಲ ಬರೀತಾರ, ಅಷ್ಟ ಸಾಕು.

ಮೂರು ಮಂದಿನ್ನ ಆರಿಸೂದ್ರಾಗ ಒಬ್ಬರು ಹೆಸರು ಮಾಡಿದವರು, ಒಬ್ಬರು ಒಂದೆರಡು ಪುಸ್ತಕ ಬಂದವರು, ಒಬ್ಬರು ಇನ್ನೂ ಪುಸ್ತಕ ಬರದವರು ಇರಲಿ. ಉರ್ದು, ಮರಾಠಿ, ಕೊಂಕಣಿ ಕವಿಗಳನ್ನೂ ಕರೀರಿ. ಐರಿಶ್ ಭಾಷಾದಾಗಷ್ಟ ಕವಿತಾ ಬರಿಯೂ ನುವಾಲಾ ನೀ ಗೋನಲ್ ಅವರ ಪದ್ಯಕ್ಕ ಬ್ಯಾರೆ ಕವಿಗಳು ಇಂಗ್ಲಿಷ್ ರೂಪ ಕೊಟ್ಟಾರ, ಅಲ್ಲಿ ಕೇಳವರೊಳಗ ಐರಿಶ್ ಬರದವರೇ ಹೆಚ್ಚು. ನಮ್ಮಲ್ಲೂ ಹಂಗ ಮಾಡಬಹುದು, ಗಜಲ್ ಮೊದಲು ಉರ್ದುದಾಗ ಪೂರಾ, ಆಮ್ಯಾಲ ಇನ್ನೊಬ್ಬರ ಧ್ವನಿಯೊಳಗ ಕನ್ನಡ. ಸಾಲು ಸಾಲಿಗೆ ನಿಂದ್ರಿಸಿ ಅರ್ಥ ಹೇಳಿದ್ರ ಲಯ ಕಡೀತದ.

ಓದವರಿಗೆ ಮೊದಲ ಹೇಳಿಬಿಡ್ರಿ: ಇಪ್ಪತ್ತು ನಿಮಿಷ ಅಂದ್ರ ಆರೇಳು ಪದ್ಯ, ಮನ್ಯಾಗ ಗಡಿಯಾರ ಇಟ್ಕೊಂಡು ಜೋರಲೇ ಓದಿ ನೋಡ್ರಿ, ದೊಡ್ಡ ಅಕ್ಷರದಾಗ ಪ್ರಿಂಟ್ ತಗೀರಿ, ಫೋನಿನ್ಯಾಗ ಹುಡುಕ್ಕೋತ ನಿಂತ್ರ ಕೇಳವರ ಲಕ್ಷ್ಯ ಹೋಗ್ತದ. ಪದ್ಯದ ಮುಂದ ಅದರ ಅರ್ಥ ಹೇಳಬ್ಯಾಡ್ರಿ, ಅದು ಹುಟ್ಟಿದ ಜಾಗ ಹೇಳ್ರಿ, ಒಂದ ಮಾತಿನ್ಯಾಗ. ಓದೂದು ಹೆಂಗ ಅಂದ್ರ ಬೇಂದ್ರೆಯವರ ವಾಚನದ ಧ್ವನಿಮುದ್ರಣ ಕೇಳ್ರಿ, ನಾದ ಎಲ್ಲೆ ಏರ್ತದ, ಎಲ್ಲೆ ನಿಲ್ತದ ಅನ್ನೂದು ಅದರೊಳಗ ಅದ.

ಓಪನ್ ಮೈಕಿಗೆ ಬಾಗಿಲದಾಗ ಒಂದು ವಹಿ ಇಡ್ರಿ, ಬಂದವರು ಹೆಸರು ಬರೀಲಿ, ಹತ್ತು ಹೆಸರಿಗೆ ಮುಗಸ್ರಿ. ಒಬ್ಬರಿಗೆ ಒಂದ ಪದ್ಯ, ದೊಡ್ಡವರಿಗೂ ಅದ ನೇಮ. ಮೊದಲ ಸಲ ಓದವರನ್ನ ನಡುವ ಹಾಕ್ರಿ, ಸುರುವಿಗೆ ಕರದ್ರ ಅಂಜ್ತಾರ.

ಇನ್ನ ಕಮ್ಮಟ. ನನಗನಸೂದು, ಊರಾಗ ಒಳ್ಳೆ ಕವಿತಾ ಬೆಳೀಬೇಕಂದ್ರ ಓದಿಗಿಂತ ಇದ ಮುಖ್ಯ. ಹತ್ತು-ಹನ್ನೆರಡು ಮಂದಿಗಿಂತ ಹೆಚ್ಚಿಗಿ ಬ್ಯಾಡ, ಓದಿನ ದಿನಾನ ಮುಂಜಾನೆ ಇಡ್ರಿ, ಕವಿ ಹೆಂಗೂ ಬಂದಿರ್ತಾರ. ಎಲ್ಲಾರೂ ತಮ್ಮ ಪದ್ಯದ ಝೆರಾಕ್ಸ್ ಮಂದಿಗೆ ಒಂದರಂಗ ತರಬೇಕು. ಬರದವರು ಒಮ್ಮೆ ಓದಬೇಕು, ಆಮ್ಯಾಲ ಬ್ಯಾರೆಯವರು ಅದನ್ನ ಓದಬೇಕು, ಆಗ ಎಲ್ಲೆ ನಾಲಿಗಿ ತಡವರಿಸ್ತದೋ ಅಲ್ಲೆ ಸಾಲು ಸರಿ ಇಲ್ಲ ಅಂತ ಬರದವರಿಗೇ ತಿಳೀತದ. ಉಳಿದವರು ಮಾತಾಡೂ ಮುಂದ ಬರದವರು ಸುಮ್ನ ಕುಂತಿರಬೇಕು, "ನಾ ಹೇಳಿದ್ದು ಹಂಗಲ್ಲ" ಅನ್ನಂಗಿಲ್ಲ. ಮಾತು ಸುರು ಆಗೂದು ಹಿಡಿಸಿದ ಸಾಲಿನಿಂದ. "ಚೊಲೋ ಅದ" ಅಂದ್ರ ಸಾಲೂದಿಲ್ಲ, ಯಾವ ಸಾಲು, ಯಾಕ ಅನ್ನೂದು ಬೇಕು. ಮಾಸ್ತರು-ವಿದ್ಯಾರ್ಥಿ ಕೂಡೇ ಕುಂತಾಗ ವಿದ್ಯಾರ್ಥಿಗಳು ಬಾಯಿ ಬಿಡೂದಿಲ್ಲ, ಅದಕ್ಕ ಸಣ್ಣವರಿಗೆ ಮೊದಲು ಮಾತು ಕೊಡ್ರಿ.

ಬಿಸಿ ಏರಸಾಕ ಒಂದು ಆಟ ಹೇಳ್ತೀನಿ. ಐರ್ಲೆಂಡಿನದ ಇನ್ನೊಂದು ಊರು ಕಾರ್ಕ್‌ನಾಗ 2007ರಿಂದ ನಡದ ಓ ವೇಲ್ ಅನ್ನೂ ಕವಿತಾ ಸಂಜಿಯೊಳಗ ಮಂದಿ ಐದು ಶಬ್ದ ಕೊಡ್ತಾರ, ಹದಿನೈದು ನಿಮಿಷದಾಗ ಆ ಐದೂ ಬರೂಹಂಗ ಪದ್ಯ ಬರೀಬೇಕು. ನಮ್ಮಲ್ಲಿ ಆಡೂದಾದ್ರ ಪ್ರೀತಿ, ನೋವು, ಮನಸು ಇಂಥಾವು ತಗೋಬ್ಯಾಡ್ರಿ. ಜ್ವಾಳ, ಕೀಲಿಕೈ, ಕೌದಿ, ಟಿಕೀಟು, ಬೆಳವಲ, ಇಂಥಾ ಕಣ್ಣಿಗೆ ಕಾಣೂ ಶಬ್ದ ಕೊಟ್ಟು ನೋಡ್ರಿ, ಯಾರ ಕೈಯಾಗ ಏನು ಹುಟ್ತದ ಹೇಳಾಕ ಆಗೂದಿಲ್ಲ.

ರೊಕ್ಕದ ಮಾತು ಮುಚ್ಚಿಡಬ್ಯಾಡ್ರಿ. ಗದಗದಿಂದ, ಹಾವೇರಿಯಿಂದ ಬಂದ ಕವಿಗೆ ಬಸ್ ಚಾರ್ಜು ಮತ್ತ ಸಣ್ಣದರೆ ಗೌರವಧನ ಲಕೋಟೆಯೊಳಗ ಹಾಕಿ, ಕರಿಯೂ ಮುಂದ ಎಷ್ಟು ಅಂತ ಹೇಳೇ ಕರೀರಿ. ಶಾಲಿನ ಖರ್ಚು ಉಳಿಸಿದ್ರ ಇದಕ್ಕ ಆಗ್ತದ. ಬಾಗಿಲ ಹಂತ್ಯಾಕ ಪುಸ್ತಕದ ಟೇಬಲ್ ಇರಲಿ, ಚಿಲ್ಲರೆ ಇರಲಿ, ಸ್ಕ್ಯಾನರ್ ಇರಲಿ, ಕವಿ ಅಲ್ಲೇ ನಿಂತು ಸಹಿ ಮಾಡಿಕೊಡಲಿ.

ಉತ್ಸವದ ಆಸೆ ಎಲ್ಲಾರಿಗೂ ಇರ್ತದ. ಗಾಲ್ವೇದ ಕೂರ್ಟ್ ಉತ್ಸವ ಇವತ್ತು ದೊಡ್ಡ ಅಂತರರಾಷ್ಟ್ರೀಯ ಸಾಹಿತ್ಯ ಉತ್ಸವ, ಆದ್ರ 1985ರಾಗ ಸುರು ಆದಾಗ ಬರೇ ಕವಿತಾ ಹಬ್ಬ ಆಗಿತ್ತು. ಒಂದು ವರ್ಷ ತಿಂಗಳ ತಪ್ಪದ ಓದು ನಡಸ್ರಿ, ಆಮ್ಯಾಲ ಎರಡು ದಿನದ ಹಬ್ಬದ ವಿಚಾರ ಮಾಡೂಣಂತ. ಅಲ್ಲಿಗೆ ಕೇಳಾಕ ಬರೂ ಮಂದಿ ಯಾರು, ಓದಾಕ ತಯಾರಾದ ಹುಡುಗ-ಹುಡುಗಿಯರು ಯಾರು ಅನ್ನೂದು ಆ ಬಾಗಿಲದ ವಹಿಯೊಳಗ ಬರದಿರ್ತದ.