ಹಳೇ ಪ್ರವಾಸ ಪುಸ್ತಕ ಕೊಳ್ಳುವವರು ಮೊದಲು ಚಿತ್ರ ಎಣಿಸಿ

ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ, ಚಿತ್ರಗಳಿರುವ ಹಳೇ ಕಾಲದ ಪ್ರವಾಸ ಪುಸ್ತಕ ಕೈಗೆ ಬಂದರೆ ಎಲ್ಲರೂ ರಟ್ಟು ನೋಡಿ ಮರುಳಾಗುತ್ತಾರೆ. ಚರ್ಮದ ಹೊದಿಕೆ, ಚಿನ್ನದ ಅಕ್ಷರ. ಅದನ್ನು ಆಮೇಲೆ ನೋಡಿದರಾಯಿತು. ಮೊದಲು ಚಿತ್ರಗಳನ್ನು ಎಣಿಸಿ. ಸಾಮಾನ್ಯವಾಗಿ ಪುಸ್ತಕದಲ್ಲೇ ಚಿತ್ರಗಳ ಪಟ್ಟಿ ಇರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಹೋಲಿಸಿ. ಮುಖಪುಟದ ಎದುರಿನ ಚಿತ್ರ, ಮಡಚಿಟ್ಟ ನಕ್ಷೆ, ಇವೆರಡನ್ನೂ ಮರೆಯಬೇಡಿ. ಇಡೀ ಪುಸ್ತಕಕ್ಕಿಂತ ಬಿಡಿ ಚಿತ್ರಗಳಿಗೆ ಜಾಸ್ತಿ ದುಡ್ಡು ಬರುತ್ತದೆ ಅಂತ ಕತ್ತರಿಸಿ ಮಾರುವವರು ಇದ್ದಾರೆ, ನನಗಂತೂ ಅವರನ್ನು ಕಂಡರೆ ಆಗುವುದಿಲ್ಲ. ಹೊಲಿಗೆಯ ಹತ್ತಿರ ಸಣ್ಣ ಕಾಗದದ ಅಂಚು ಉಳಿದಿದ್ದರೆ ಅನುಮಾನ ಪಡಿ. ಆದರೆ ಚಿತ್ರದ ಹಾಳೆಯನ್ನು ಇಂಥ ಅಂಚಿಗೇ ಅಂಟಿಸಿ ಕಟ್ಟುವ ಪದ್ಧತಿಯೂ ಇತ್ತು. ಹಾಗಾಗಿ ಪಟ್ಟಿ ಹೇಳಿದ್ದೇ ಕೊನೆಯ ಮಾತು.

ಇಂಥ ಎಷ್ಟೋ ಪುಸ್ತಕ ಚಂದಾದಾರರಿಗೆ ಕಂತು ಕಂತಾಗಿ ಬರುತ್ತಿದ್ದವು. ಕೊಂಡವರು ತಮಗೆ ಬೇಕಾದ ಹಾಗೆ ಕಟ್ಟಿಸಿಕೊಳ್ಳುತ್ತಿದ್ದರು. ಒಂದೇ ಪುಸ್ತಕದ ಎರಡು ಪ್ರತಿಗಳಲ್ಲಿ ಚಿತ್ರಗಳ ಕ್ರಮ, ರಟ್ಟು ಬೇರೆ ಬೇರೆ ಇದ್ದರೆ ಗಾಬರಿ ಬೇಡ. ಎಣಿಕೆ ಸರಿಯಿದ್ದರೆ ಸಾಕು.

ಇನ್ನು ಚಿತ್ರ ನಿಜಕ್ಕೂ ಕಲ್ಲಚ್ಚಿನದೇ? ಒಂದು ಭೂತಗನ್ನಡಿ ಇಟ್ಟುಕೊಳ್ಳಿ, ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವಂಥದ್ದು. ಕಲ್ಲಚ್ಚು 1796ರ ಆಸುಪಾಸಿನಲ್ಲಿ ಜರ್ಮನಿಯ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಕೆಲಸ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ನೀರು ಸವರಿ, ಶಾಯಿ ಹಚ್ಚುವುದು. ಶಾಯಿ ಜಿಡ್ಡಿಗೆ ಮಾತ್ರ ಅಂಟುತ್ತದೆ. ಅದಕ್ಕೇ ಗಾಜಿನ ಕೆಳಗೆ ಸೀಸದ ಕಡ್ಡಿಯಲ್ಲಿ ಬರೆದಂಥ ಒರಟು ಕಾಳು ಕಾಣುತ್ತದೆ. ಸಾಲಾಗಿ, ಸಮನಾಗಿ ಚುಕ್ಕೆಗಳಿದ್ದರೆ ಅದು ಫೋಟೋದಿಂದ ಮಾಡಿದ ಆಮೇಲಿನ ಮುದ್ರಣ. ಚಿತ್ರದ ಸುತ್ತ ಕಾಗದ ಒತ್ತಿ ತಗ್ಗಾಗಿದ್ದರೆ ತಾಮ್ರ ಅಥವಾ ಉಕ್ಕಿನ ತಗಡಿನ ಮುದ್ರಣ ಇರಬಹುದು. ಕಲ್ಲು ಅಂಥ ಗುರುತು ಬಿಡುವುದಿಲ್ಲ.

ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ರಾಬರ್ಟ್ಸ್ ಅವರ ಪವಿತ್ರ ಭೂಮಿಯ, ಅಂದರೆ ಪ್ಯಾಲೆಸ್ತೀನಿನ ಸುತ್ತಿನ ಬೈಬಲ್ ನಾಡಿನ, ಚಿತ್ರಗಳನ್ನು ಕಲ್ಲಚ್ಚಿನ ಕಲಾವಿದ ಲೂಯಿ ಹಾಗ್ ಕಲ್ಲಿಗಿಳಿಸಿದ್ದು 1840ರ ದಶಕದಲ್ಲಿ. ಇಂಥವುಗಳಲ್ಲಿ ಎರಡನೇ ಕಲ್ಲಿನಿಂದ ತೆಳು ಕಂದು ಬಣ್ಣ ಹಾಸಿ, ಮೋಡದ ಬಿಳಿಗೆ ಕಾಗದವನ್ನೇ ಬಿಡುತ್ತಿದ್ದರು. ಆ ಕಂದನ್ನು ಕೊಳೆ ಅಂದುಕೊಂಡು ತೊಳೆಸಲು ಹೊರಡುವವರಿದ್ದಾರೆ, ಅಲ್ವಾ! ಕೈಯಿಂದ ಬಣ್ಣ ಹಾಕಿದ ಪ್ರತಿಗಳಿಗೆ ಬೆಲೆ ಜಾಸ್ತಿ. ಬೆಲೆ ಏರಿಸಲೆಂದೇ ಇತ್ತೀಚೆಗೆ ಬಣ್ಣ ಬಳಿದದ್ದೂ ಉಂಟು. ಕೆಟ್ಟ ಬಣ್ಣಕ್ಕಿಂತ ಬಣ್ಣವಿಲ್ಲದ ಹಾಳೆಯೇ ನನಗೆ ಇಷ್ಟ.

ಮನೆಗೆ ತಂದ ಮೇಲೆ ಬೇರೆ ಪುಸ್ತಕಗಳ ಜೊತೆ ತಕ್ಷಣ ಸೇರಿಸಬೇಡಿ. ಕೆಲವು ವಾರ ದೂರವಿಟ್ಟು ಹುಳು, ಬೂಷ್ಟು ಇದೆಯಾ ನೋಡಿ. ದೊಡ್ಡ ಪುಸ್ತಕ ನಿಲ್ಲಿಸಿದರೆ ಒಳಗಿನ ಹಾಳೆಗಳ ಭಾರಕ್ಕೆ ಬೆನ್ನು ಹರಿಯುತ್ತದೆ, ಮಲಗಿಸಿಡಿ. ಗಾಳಿಯ ತೇವ ನೂರಕ್ಕೆ 50ರ ಹತ್ತಿರ ಇರಲಿ. ಬಿಸಿಲು, ಹೊರಗೋಡೆ ಎರಡೂ ಬೇಡ. ಕಂದು ಚುಕ್ಕೆಗೆ ಬ್ಲೀಚು, ಹರಿದದ್ದಕ್ಕೆ ಸೆಲ್ಲೋಟೇಪು, ಇವು ಅಪಾಯ. ಕೈಗವಸು ಹಾಕಿದರೆ ಹಾಳೆ ಹಿಡಿತಕ್ಕೆ ಸಿಗುವುದಿಲ್ಲ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಚಿತ್ರದ ಮೇಲಿನ ಟಿಶ್ಯೂ ಹಾಳೆ ಕಂದಾಗಿ ಚಿತ್ರಕ್ಕೂ ಬಣ್ಣ ಬಿಡುತ್ತಿದ್ದರೆ, ಆಮ್ಲವಿಲ್ಲದ ಟಿಶ್ಯೂ ನಡುವೆ ಇಡಿ. ಚಿತ್ರಗಳ ಎಣಿಕೆಯನ್ನು ಪುಸ್ತಕದಲ್ಲಿ ಪೆನ್ನಿನಿಂದ ಬರೆಯಬೇಡಿ, ಬೇರೆ ಚೀಟಿಯಲ್ಲಿ ಬರೆದಿಡಿ.