ಕೊಡಗಿನ ಮನೆಗೆ ಹೊಸ ಅಡುಗೆಮನೆ: ಖರ್ಚಿನ ಲೆಕ್ಕ ಎಲ್ಲಿಂದ ಶುರು?

ಅಡುಗೆಮನೆ ಹೊಸದು ಮಾಡಿಸಬೇಕು ಅಂದ ತಕ್ಷಣ ಹೆಚ್ಚಿನವರು ಮೊದಲು ನೋಡುವುದು ಶಟರ್, ಅಂದರೆ ಕ್ಯಾಬಿನೆಟ್ ಬಾಗಿಲಿನ ಬಣ್ಣ. ಮೈಸೂರಿಗೋ ಬೆಂಗಳೂರಿಗೋ ಹೋಗಿ, ಶೋರೂಮಿನಲ್ಲಿ ಹೊಳೆಯುವ ಕ್ಯಾಬಿನೆಟ್ ನೋಡಿ, ಅಲ್ಲೇ ಕೊಟೇಷನ್ ಬರೆಸಿಕೊಂಡು ಬರುತ್ತಾರೆ. ಆ ಕೊಟೇಷನ್ನಿನಲ್ಲಿ ನಮ್ಮ ಮಳೆ ಇರುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಭಾಗಮಂಡಲದಲ್ಲಿ ಇನ್ನೂ ಹೆಚ್ಚು, ಕುಶಾಲನಗರಕ್ಕೆ ಇಳಿದರೆ ಅದರ ಅರ್ಧವೂ ಇಲ್ಲ. ಹಾಗಾಗಿ ಒಂದೇ ಅಳತೆಯ ಅಡುಗೆಮನೆಗೆ ಜಿಲ್ಲೆಯೊಳಗೇ ಬೇರೆ ಬೇರೆ ಖರ್ಚು. ಕರಾವಳಿಯಲ್ಲಿ ಉಪ್ಪುಗಾಳಿ ಕಬ್ಬಿಣ ತಿನ್ನುತ್ತದೆ, ನಮ್ಮಲ್ಲಿ ನಾಲ್ಕು ತಿಂಗಳ ಥಂಡಿ ಮರ ತಿನ್ನುತ್ತದೆ. ಹಣ ಮೊದಲು ಹೋಗಬೇಕಾದ್ದು ಗೋಡೆಗೆ, ನೀರಿಗೆ, ಗಾಳಿಗೆ. ಶಟರ್ ಕೊನೆಗೆ.

ಮಳೆಗಾಲದಲ್ಲಿ ನೋಡಿ, ಬೇಸಿಗೆಯಲ್ಲಿ ಮಾಡಿಸಿ

ಮೊದಲ ಹೆಜ್ಜೆಗೆ ಒಂದು ರೂಪಾಯಿ ಖರ್ಚಿಲ್ಲ. ಜುಲೈ, ಆಗಸ್ಟಿನಲ್ಲಿ ಅಡುಗೆಮನೆಯ ಗೋಡೆಗಳನ್ನು ಸರಿಯಾಗಿ ನೋಡಿ. ಎಲ್ಲಿ ಬೂಷ್ಟು ಹಿಡಿದಿದೆ, ಎಲ್ಲಿ ಸುಣ್ಣ ಉದುರುತ್ತಿದೆ, ತೇವ ಮೇಲಿಂದ ಇಳಿಯುತ್ತಿದೆಯಾ ಅಥವಾ ನೆಲದಿಂದ ಏರುತ್ತಿದೆಯಾ? ಪೆನ್ಸಿಲಿನಲ್ಲಿ ಗುರುತು ಹಾಕಿ ಫೋಟೊ ತೆಗೆದಿಡಿ. ಏಪ್ರಿಲಿನಲ್ಲಿ ಬಂದು ನೋಡುವ ಮೇಸ್ತ್ರಿಗೆ ಒಣಗಿದ ಗೋಡೆ ಎಲ್ಲವೂ ಒಂದೇ ಥರ ಕಾಣುತ್ತದೆ, ಆಮೇಲೆ ಟೈಲ್ಸ್ ಹಾಕಿ ಮುಚ್ಚಿದರೆ ತೇವ ಒಳಗೇ ಉಳಿದು ಕ್ಯಾಬಿನೆಟ್ಟಿನ ಬೆನ್ನಿಗೆ ಹತ್ತುತ್ತದೆ.

ಮೇಲಿಂದ ಇಳಿಯುವ ತೇವಕ್ಕೆ ಹೆಂಚು, ಶೀಟು, ಮಳೆನೀರಿನ ದೋಣಿ ಸರಿಪಡಿಸಬೇಕು. ಕೆಳಗಿಂದ ಏರುವುದಕ್ಕೆ ಹೊರಗಡೆ ಚರಂಡಿ ತೋಡಿ, ಗೋಡೆಗೆ ತಾಗಿದ ಮಣ್ಣು ತೆಗೆಸಬೇಕು. ಗುಡ್ಡ ಕೊರೆದು ಕಟ್ಟಿದ ಮನೆಯಲ್ಲಿ ಹಿಂಬದಿ ಗೋಡೆಗೆ ಧರೆ ಹತ್ತಿರವಿದ್ದರೆ ಇದನ್ನು ಬಿಡಲೇಬೇಡಿ. ಒಳಗಿಂದ ವಾಟರ್‌ಪ್ರೂಫ್ ಪೇಂಟ್ ಬಳಿದರೆ ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನೀರು ಬರುವ ದಾರಿ ಹಾಗೇ ಇದ್ದರೆ ಪೇಂಟ್ ಒಂದೆರಡು ವರ್ಷದಲ್ಲಿ ಹೊಪ್ಪಳೆ ಏಳುತ್ತದೆ.

ಕೆಲಸದ ತಿಂಗಳು ಆರಿಸುವುದೂ ಖರ್ಚಿನ ವಿಷಯವೇ. ಮಳೆಗಾಲದಲ್ಲಿ ಗಾರೆ ಒಣಗುವುದಿಲ್ಲ, ಜಿಲ್ಲಾಡಳಿತ ಭಾರೀ ಲಾರಿಗಳ ಓಡಾಟಕ್ಕೆ ನಿರ್ಬಂಧ ಹಾಕುವುದರಿಂದ ಸಾಮಾನೂ ಸಲೀಸಾಗಿ ಬರುವುದಿಲ್ಲ. ಕಾಫಿ ಕುಯ್ಲು ಶುರುವಾದರೆ ಕೈಯಾಳು ಸಿಗುವುದು ಕಷ್ಟ, ಸಿಕ್ಕರೂ ಕೂಲಿ ಜಾಸ್ತಿ. ಹಾಗಾಗಿ ರೊಬಸ್ಟಾ ಕುಯ್ಲು ಮುಗಿದ ಮೇಲೆ, ಮಾರ್ಚಿನಿಂದ ಮೇ ಮಧ್ಯದವರೆಗೆ ಒಳ್ಳೆಯ ಸಮಯ. ಸಣ್ಣ ಕೆಲಸವಾದರೆ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದಿಂದ ನವೆಂಬರ್ ಕೊನೆ, ಡಿಸೆಂಬರಿನ ಹೊತ್ತಿಗೆ ಬರುವ ಪುತ್ತರಿ ಹಬ್ಬದ ಒಳಗೆ ಮುಗಿಸಬಹುದು.

ಚದರಡಿ ಲೆಕ್ಕದಲ್ಲಿ ಎಚ್ಚರ

ಈಗ ಅಳತೆ. ಹತ್ತಡಿ, ಎಂಟಡಿಯ ಎರಡು ಗೋಡೆಗೆ ಎಲ್ ಆಕಾರದ ಕಟ್ಟೆ ಅಂತ ಇಟ್ಟುಕೊಳ್ಳಿ. ಮೂಲೆಯ ಎರಡಡಿ ಎರಡೂ ಕಡೆ ಸೇರುವುದರಿಂದ ಕಟ್ಟೆಯ ಉದ್ದ 16 ಅಡಿ. ಅಗಲ ಎರಡಡಿ, ಅಂದರೆ ಗ್ರಾನೈಟ್ 32 ಚದರಡಿ. ಗೋಡೆಯ ಪಟ್ಟಿ, ಅಂಚು, ಕತ್ತರಿಸಿ ಹೋಗುವ ತುಂಡು ಸೇರಿಸಿದರೆ 40 ಹಿಡಿಯಿರಿ. ಕಪ್ಪು ಗ್ರಾನೈಟ್ ನಮಗೆ ದೂರದ್ದಲ್ಲ, ಚಾಮರಾಜನಗರದ್ದೇ ಹೆಸರುವಾಸಿ. ಚದರಡಿಗೆ 220 ರೂಪಾಯಿ ಅಂದುಕೊಂಡರೆ ಕಲ್ಲಿಗೆ 8,800. ಅಂಚಿನ ಪಾಲಿಶ್, ಸಿಂಕ್ ಕಟಿಂಗ್, ಕೂರಿಸುವ ಕೂಲಿ ಬೇರೆ. ಅಂಗಡಿಯವರು ಕಲ್ಲಿನ ದರ ಮಾತ್ರ ಹೇಳಿದರೆ ಇವು ಮೂರನ್ನೂ ನೀವೇ ಕೇಳಬೇಕು.

ಕ್ಯಾಬಿನೆಟ್ಟಿನ ಲೆಕ್ಕ ಇನ್ನೂ ಗೋಜಲು. ಕೆಳಗಿನದು 16 ಅಡಿ ಉದ್ದ, ಎರಡೂ ಮುಕ್ಕಾಲು ಅಡಿ ಎತ್ತರ: 44 ಚದರಡಿ. ಮೇಲಿನದು ಒಂದೇ ಗೋಡೆಗೆ ಎಂಟಡಿ ಉದ್ದ, ಎರಡಡಿ ಎತ್ತರ: 16. ಒಟ್ಟು 60 ಚದರಡಿ, ದರ 1,500 ಆದರೆ 90,000 ರೂಪಾಯಿ. ಇದು ಮುಂಭಾಗದ ಅಳತೆ. ಕೆಲವರು ಒಳಗಿನ ಪ್ರತಿ ಹಲಗೆಯನ್ನೂ ಅಳೆದು ಚದರಡಿಗೆ ಕಡಿಮೆ ದರ ಹೇಳುತ್ತಾರೆ, ಕೇಳುವಾಗ ಅಗ್ಗ ಅನ್ನಿಸಿದರೂ ಕೊನೆಯ ಬಿಲ್ ಜಾಸ್ತಿ ಆಗಬಹುದು. ‘ಯಾವ ಅಳತೆ, ಹಿಂಜ್ ಮತ್ತು ಡ್ರಾಯರ್ ಚಾನೆಲ್ ಸೇರಿದೆಯಾ, ಶೇ 18ರ ಜಿಎಸ್‌ಟಿ ಸೇರಿದೆಯಾ, ತೋಟದ ರಸ್ತೆಯಲ್ಲಿ ಮನೆವರೆಗೆ ತಂದು ಇಳಿಸುವುದು ಯಾರು?’ ಇಷ್ಟನ್ನೂ ಬರೆಸಿಕೊಳ್ಳಿ. ದೊಡ್ಡ ಲಾರಿ ಬರದ ದಾರಿಯಾದರೆ ಪಿಕಪ್‌ಗೆ ಮತ್ತೊಮ್ಮೆ ತುಂಬಿಸಬೇಕು, ಆ ಬಾಡಿಗೆ, ಹತ್ತಿಸಿ ಇಳಿಸುವ ಕೂಲಿ ಎಲ್ಲ ನಿಮ್ಮ ತಲೆಗೇ. ಹೊರಗಿನಿಂದ ಬರುವ ಬಡಗಿಗಳ ಊಟ, ವಸತಿಯೂ ಹಾಗೆಯೇ. ನಾನು ಹೇಳಿದ ದರಗಳು ಲೆಕ್ಕದ ದಾರಿ ತಿಳಿಯಲಿ ಅಂತ. ನಿಮ್ಮೂರಿನ ದರ ಹಾಕಿ ಗುಣಿಸಿಕೊಳ್ಳಿ.

ಪ್ಲೈವುಡ್ಡಿನಲ್ಲಿ ಐಎಸ್ 710 ಗುರುತು ಇರುವುದನ್ನೇ ಕೇಳಿ, ಅದು ಮೆರೈನ್ ದರ್ಜೆ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು, ಅದರಲ್ಲಿ ಬಿಡಬ್ಲ್ಯುಆರ್ (ಕುದಿಯುವ ನೀರಿಗೂ ತಡೆಯುವ ದರ್ಜೆ) ಆದರೆ ಮೇಲಿನ ಕ್ಯಾಬಿನೆಟ್ಟಿಗೆ ನಡೆಯುತ್ತದೆ. ಮರದ ಪುಡಿ, ನಾರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ನಮ್ಮ ಕಡೆ ಸಿಂಕ್ ಕೆಳಗೆ ಬೇಡವೇ ಬೇಡ. ನೀರು ಕುಡಿದು ಊದಿದ ಮೇಲೆ ಅದು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ನನ್ನನ್ನು ಕೇಳಿದರೆ ನಮ್ಮ ಥಂಡಿಗೆ ಎಲ್ಲಕ್ಕಿಂತ ಒಳ್ಳೆಯದು ಹಳೆಯ ಕ್ರಮವೇ: ಇಟ್ಟಿಗೆ ಗೋಡೆ ಎಬ್ಬಿಸಿ, ಒಳಗೆ ಕಡಪ ಕಲ್ಲಿನ ತಟ್ಟು ಕೂರಿಸಿ, ಮುಂದೆ ಶಟರ್ ಮಾತ್ರ ಹಾಕಿಸುವುದು. ಪೆಟ್ಟಿಗೆಗೆ ಬೇಕಾದ ಪ್ಲೈವುಡ್ಡೆಲ್ಲ ಉಳಿಯುತ್ತದೆ. ಗೆದ್ದಲಿಗೆ ಹೆದರಬೇಕಿಲ್ಲ, ನೀರು ಸೋರಿದರೂ ಒರೆಸಿದರೆ ಮುಗಿಯಿತು. ಡ್ರಾಯರ್ ಬೇಕಾದ ಒಂದೆರಡು ಕಡೆ ಮಾತ್ರ ಮೆರೈನ್ ಪ್ಲೈ ಸಾಕು. ತೋಟದ ಮರವನ್ನೇ ಬಳಸುವ ಯೋಚನೆ ಇದ್ದರೆ, ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಜಮ್ಮ, ಬಾಣೆ ಎಂಬ ಕೊಡಗಿನ ಹಳೆಯ ಹಿಡುವಳಿ ಜಾಗಗಳಲ್ಲಿ ಮರದ ಹಕ್ಕಿನ ನಿಯಮವೇ ಬೇರೆ.

ಹೊಗೆ, ಕರೆಂಟು, ಪಾತ್ರೆ

ಪಂದಿ ಕರಿ ಮಾಡುವ ಮನೆಗೆ ಚಿಮಣಿ ಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಪೈಪ್ ಹೊರಗೆ ಹೋಗುವ ಚಿಮಣಿಯೇ ಆಗಬೇಕು. ಪೈಪ್ ಇಲ್ಲದ್ದು ಜಿಡ್ಡು, ವಾಸನೆ ಹಿಡಿದು ಅದೇ ಗಾಳಿಯನ್ನು ಒಳಗೆ ಬಿಡುತ್ತದೆ, ಹಬೆ ಅಡುಗೆಮನೆಯಲ್ಲೇ ಉಳಿಯುತ್ತದೆ. ಪೈಪಿನ ಬಾಯಿ ಪಶ್ಚಿಮ ಅಥವಾ ನೈಋತ್ಯಕ್ಕೆ ಇರದ ಹಾಗೆ ನೋಡಿಕೊಳ್ಳಿ, ಮುಂಗಾರಿನ ಇರಚಲು ಬರುವುದು ಆ ಕಡೆಯಿಂದಲೇ ಅಲ್ವಾ. ಕಟ್ಟಿಗೆ ಒಲೆ ತೆಗೆಸಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಹಿಂಬದಿಯ ಚಾಚಿನಡಿಗೆ ಅದನ್ನು ಸರಿಸಿ. ಮಳೆ ಹಿಡಿದು ಕರೆಂಟು ಹೋಗಿ, ಗ್ಯಾಸ್ ಗಾಡಿಯೂ ಬಾರದ ದಿನ ಅದೇ ಕಾಯುವುದು.

ಹಳೆ ಮನೆಯ ವೈರಿಂಗ್ ಮೇಲೆ ಹೊಸ ಓವನ್ ಹಾಕಬೇಡಿ. ಓವನ್, ಗೀಸರಿನಂಥ 16 ಆಂಪಿಯರ್ ಪಾಯಿಂಟಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಪ್ರತ್ಯೇಕವಾಗಿ ಎಳೆಸಿ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವ ಜಾಗ ಇದು, ಕರೆಂಟು ಸೋರಿದ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಲೇಬೇಕು, ಅರ್ಥಿಂಗ್ ಪರೀಕ್ಷಿಸಲೇಬೇಕು. ಇದೆಲ್ಲ ಟೈಲ್ಸ್ ಕೂರಿಸುವ ಮೊದಲೇ ಮುಗಿಯಲಿ, ಇಲ್ಲದಿದ್ದರೆ ಹೊಸ ಗೋಡೆಯನ್ನೇ ಮತ್ತೆ ಒಡೆಯಬೇಕಾಗುತ್ತದೆ.

ಕಟ್ಟೆಯ ಎತ್ತರ 32ರಿಂದ 34 ಇಂಚು ಅನ್ನುವುದು ಸಾಮಾನ್ಯ ಅಳತೆ. ಅಡುಗೆ ಮಾಡುವವರನ್ನೇ ನಿಲ್ಲಿಸಿ ನೋಡಿ, ಅವರ ಕೈಗೆ ಯಾವುದು ಸುಲಭವೋ ಅದೇ ಸರಿ. ನೂಪುಟ್ಟು (ಒತ್ತು ಶ್ಯಾವಿಗೆ) ಒತ್ತುವುದಕ್ಕೆ ಮೈಭಾರ ಬೀಳಬೇಕು, ಅದಕ್ಕೊಂದು ತಗ್ಗಿನ ಕಟ್ಟೆ ಇದ್ದರೆ ತೋಳು ನೋಯುವುದಿಲ್ಲ. ಹಬ್ಬದ ದೊಡ್ಡ ಪಾತ್ರೆ ಇಳಿಯುವಷ್ಟು ಆಳದ, 304 ದರ್ಜೆಯ ಸ್ಟೀಲ್ ಸಿಂಕ್ ತೆಗೆದುಕೊಳ್ಳಿ. ನೆಲಕ್ಕೆ ಹೊಳಪಿನ ಟೈಲ್ಸ್ ಬೇಡ, ಮಳೆಗಾಲದಲ್ಲಿ ನೆಲ ಬೆವರಿದರೆ ವಯಸ್ಸಾದವರು ಜಾರುತ್ತಾರೆ. ಹಳೆಯ ರೆಡ್ ಆಕ್ಸೈಡ್ ನೆಲ ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ, ಅಷ್ಟು ಹಣವೂ ಉಳಿಯಿತು.

ಹಣ ಒಟ್ಟಿಗೆ ಕೊಡಬೇಡಿ. ಸಾಮಾನು ಬಂದಾಗ ಒಂದು ಪಾಲು, ಕೂರಿಸಿದಾಗ ಒಂದು ಪಾಲು ಅಂತ ಮೊದಲೇ ಮಾತಾಡಿ, ಶೇ 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡಿ. ಅಷ್ಟಕ್ಕೆ ಒಪ್ಪದಿದ್ದರೆ ಶೇ 5 ಆದರೂ ಇರಲಿ. ಹಳೆ ಕಟ್ಟೆ ಒಡೆದ ಮಣ್ಣು, ಟೈಲ್ಸ್ ಚೂರು ಸಾಗಿಸುವುದು ಯಾರ ಕೆಲಸ ಅನ್ನುವುದನ್ನೂ ಅದೇ ಕಾಗದದಲ್ಲಿ ಬರೆಸಿ, ಅದು ತೋಡಿಗೆ ಬೀಳಬಾರದು. ಮೊದಲ ಮಳೆಗಾಲದಲ್ಲಿ ಅಡುಗೆ ಮುಗಿದ ಮೇಲೆ ಶಟರುಗಳನ್ನು ಸ್ವಲ್ಪ ಹೊತ್ತು ತೆರೆದಿಡಿ, ಸಿಂಕ್ ಕೆಳಗೆ ಕೈಯಾಡಿಸಿ ನೋಡಿ. ಒದ್ದೆ ಸಿಕ್ಕರೆ ಅವತ್ತೇ ಪ್ಲಂಬರಿಗೆ ಫೋನ್ ಮಾಡಿ.